ಅರ್ಧ ಸೋತ ಸ್ವರತಂತುವನ್ನು ವೈದ್ಯರು ಹುಡುಕುವ ಬಗೆ

ನವೆಂಬರ್ ಕೊನೆಯ ವಾರ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟು ಹೆಚ್ಚು ದಿನವಾಗಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ, ಆಟದಲ್ಲಿ ಪದ ಹಾಡುವ ಭಾಗವತರೊಬ್ಬರು ರಾತ್ರಿಯ ಆಟ ಮುಗಿಸಿ, ನಿದ್ದೆಯನ್ನೂ ಮಾಡದೆ ನೇರವಾಗಿ ಉಡುಪಿಯ ನಮ್ಮ ಕೊಠಡಿಗೆ ಬಂದಿದ್ದರು. ಮುಂಡಾಸು ಒತ್ತಿದ ಗೆರೆ ಹಣೆಯ ಮೇಲೆ ಇನ್ನೂ ಮಾಸಿರಲಿಲ್ಲ. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಇತ್ತು. "ಸ್ವರ ಹೋಗಿದೆ ಎಂದು ನಾನು ಹೇಳುವುದಿಲ್ಲ ಮೇಡಂ. ಸ್ವರ ಇದೆ. ಮೊದಲ ಒಂದು ಗಂಟೆ ಹೇಳಿದಂತೆ ಕೇಳುತ್ತದೆ, ಆಮೇಲೆ ಕೇಳುವುದಿಲ್ಲ" ಎಂದರು.

ನಾನು ವಾಕ್ ಚಿಕಿತ್ಸಕಿ. ಕಿವಿ, ಮೂಗು, ಗಂಟಲು ತಜ್ಞರ ಪಕ್ಕದ ಕುರ್ಚಿಯಲ್ಲಿ ಕುಳಿತು ಸ್ವರದ ತೊಂದರೆ ಇರುವವರನ್ನು ಪರೀಕ್ಷಿಸುವುದು, ತರಬೇತಿ ಕೊಡುವುದು ನನ್ನ ಕೆಲಸ. ನಮ್ಮ ಕರಾವಳಿಯಲ್ಲಿ ಸ್ವರವನ್ನೇ ನಂಬಿ ಬದುಕುವವರು ಬಹಳ. ಭಾಗವತರು, ತಾಳಮದ್ದಳೆಯ ಅರ್ಥಧಾರಿಗಳು, ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಕೂಗುವವರು, ಬಸ್ಸಿನ ಬಾಗಿಲಲ್ಲಿ ನಿಂತು ಹತ್ತು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಕಂಡಕ್ಟರುಗಳು, ಶಾಲೆಯ ಟೀಚರುಗಳು. "ಸ್ವರ ಬಿದ್ದಿದೆ", "ಸ್ವರ ಕಟ್ಟಿದೆ", "ಸ್ವರ ಒಡೆಯುತ್ತದೆ" ಎಂದು ಹೇಳಿಕೊಂಡು ಬರುತ್ತಾರೆ. ಭಾಗವತರ ಮಾತು ಅವೆಲ್ಲಕ್ಕಿಂತ ಬೇರೆಯಾಗಿತ್ತು. ಮೊದಲು ಸರಿ, ದುಡಿದ ಮೇಲೆ ಸೋಲು ಎಂಬ ಈ ಕ್ರಮವೇ ಸ್ವರತಂತುವಿನ ಭಾಗಶಃ ಬಲಹೀನತೆಯ ಮೊದಲ ಸುಳಿವು. ವೈದ್ಯರು ಇದನ್ನು ಪೆರೆಸಿಸ್ ಎನ್ನುತ್ತಾರೆ. ತಂತು ಸ್ವಲ್ಪವೂ ಅಲುಗದಿದ್ದರೆ ಅದು ಪೆರಾಲಿಸಿಸ್, ಅಂದರೆ ಪೂರ್ಣ ಪಾರ್ಶ್ವವಾಯು. ಪೆರೆಸಿಸ್‌ನಲ್ಲಿ ತಂತು ಅಲುಗುತ್ತದೆ, ಆದರೆ ಬಲ ಸಾಲದು. ಪೂರ್ಣ ಸೋತದ್ದನ್ನು ಕಂಡುಹಿಡಿಯುವುದು ಸುಲಭ. ಅರ್ಧ ಸೋತದ್ದನ್ನು ಹಿಡಿಯುವುದು ಗಂಟಲಿನ ವೈದ್ಯಕೀಯದಲ್ಲೇ ಕಷ್ಟದ ಕೆಲಸಗಳಲ್ಲೊಂದು. ಅದು ಯಾಕೆ ಕಷ್ಟ, ಆ ಕಷ್ಟವನ್ನು ವೈದ್ಯರು ಹೇಗೆ ದಾಟುತ್ತಾರೆ ಎಂಬುದನ್ನು ರೋಗಿಗಳೂ ಅವರ ಮನೆಯವರೂ ತಿಳಿದಿರಬೇಕು ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತಿದೆ.

ಮೊದಲು ಒಳಗಿನ ರಚನೆಯನ್ನು ನೋಡೋಣ. ಗಂಟಲಿನ ಮುಂಭಾಗದಲ್ಲಿ ಕೈಗೆ ಸಿಗುವ ಗಟ್ಟಿ ಮೃದ್ವಸ್ಥಿಯ ಹಿಂದೆ ಸ್ವರಪೆಟ್ಟಿಗೆ ಇದೆ. ಅದರೊಳಗೆ ಎರಡು ಸ್ವರತಂತುಗಳು ಮುಂದೆ ಒಂದೇ ಕಡೆ ಸೇರಿ, ಹಿಂದೆ ಬೇರೆಯಾಗಿ ನಿಂತಿವೆ. ತಂತು ಎಂದರೂ ಅವು ವೀಣೆಯ ತಂತಿಯಂತಲ್ಲ. ಒಳಗೆ ಸ್ನಾಯು, ಹೊರಗೆ ಮೃದುವಾದ ಪೊರೆ ಇರುವ ಮಡಿಕೆಗಳು. ಉಸಿರೆಳೆಯುವಾಗ ತೆರೆದುಕೊಳ್ಳುತ್ತವೆ. ಮಾತಾಡುವಾಗ, ಹಾಡುವಾಗ, ನುಂಗುವಾಗ, ಕೆಮ್ಮುವಾಗ ಮುಚ್ಚಿಕೊಳ್ಳುತ್ತವೆ. ಶ್ವಾಸಕೋಶದಿಂದ ಬರುವ ಗಾಳಿ ಮುಚ್ಚಿದ ತಂತುಗಳನ್ನು ತಳ್ಳಿ ನಡುಗಿಸಿದಾಗ ನಾದ ಹುಟ್ಟುತ್ತದೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ 200ರ ಆಸುಪಾಸು ಈ ನಡುಕ ನಡೆಯುತ್ತದೆ. ಏರುಪದದಲ್ಲಿ ಅದು ಇನ್ನೂ ಎಷ್ಟೋ ಹೆಚ್ಚು. ತಂತುಗಳನ್ನು ಮುಚ್ಚಲು ಹಲವು ಸ್ನಾಯುಗಳಿವೆ, ತೆರೆಯಲು ಇರುವುದು ಒಂದೇ ಜೋಡಿ. ಅವನ್ನು ಹಿಗ್ಗಿಸಿ ಬಿಗಿಗೊಳಿಸಿ ಶ್ರುತಿ ಏರಿಸಲು ಸ್ವರಪೆಟ್ಟಿಗೆಯ ಹೊರಬದಿಯಲ್ಲಿ ಇನ್ನೊಂದು ಜೋಡಿ ಇದೆ.

ಈ ಎಲ್ಲ ಸ್ನಾಯುಗಳಿಗೂ ಆಜ್ಞೆ ಹೋಗುವುದು ವೇಗಸ್ ಎಂಬ ನರದ ಕವಲುಗಳಿಂದ. ಮಿದುಳಿನ ಬುಡದಿಂದ ಹೊರಟ ವೇಗಸ್ ಕುತ್ತಿಗೆಯಲ್ಲಿ ಇಳಿಯುವಾಗ ಮೇಲಿನ ಒಂದು ಕವಲನ್ನು ಅಲ್ಲಿಯೇ ಕೊಡುತ್ತದೆ. ಶ್ರುತಿ ಏರಿಸುವ ಸ್ನಾಯು ಅದರದ್ದು. ಉಳಿದ ಸ್ನಾಯುಗಳೆಲ್ಲ ಇನ್ನೊಂದು ಕವಲಿನ ಪಾಲು. ಈ ಎರಡನೆಯದರ ದಾರಿ ಬಹಳ ವಿಚಿತ್ರ. ಕುಂದಾಪುರದಿಂದ ಉಡುಪಿಗೆ ಹೊರಟವನು ಉಡುಪಿಯಲ್ಲಿ ಇಳಿಯದೆ ಮಂಗಳೂರಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಉಡುಪಿಗೆ ಬಂದ ಹಾಗೆ, ಎಡಬದಿಯ ನರ ಗಂಟಲನ್ನು ದಾಟಿ ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ಬಲಬದಿಯದು ಅಷ್ಟು ದೂರ ಹೋಗುವುದಿಲ್ಲ, ಉಡುಪಿ ದಾಟಿದ ಮೇಲೆ ಸಿಗುವ ಕಾಪುವಿನಲ್ಲೇ ತಿರುಗಿಕೊಳ್ಳುತ್ತದೆ ಎನ್ನಬಹುದು. ಕುತ್ತಿಗೆಯ ಬುಡದಲ್ಲಿ ಕೈಗೆ ಹೋಗುವ ಧಮನಿಯ ಕೆಳಗೆ ಅದರ ತಿರುವು. ದಾರಿ ಉದ್ದವಾದಷ್ಟೂ ಅಡ್ಡಿಗೆ ಅವಕಾಶ ಹೆಚ್ಚು. ಥೈರಾಯ್ಡ್ ಅಥವಾ ಎದೆಯ ಶಸ್ತ್ರಚಿಕಿತ್ಸೆ, ಶ್ವಾಸಕೋಶದ ಗಡ್ಡೆ, ಕ್ಷಯದಿಂದ ಊದಿದ ಎದೆಯ ಗ್ರಂಥಿಗಳು, ಹಿಗ್ಗಿದ ಹೃದಯ, ಊದಿದ ಮಹಾಧಮನಿ ಇವೆಲ್ಲ ಎಡ ಸ್ವರತಂತುವನ್ನು ಸೋಲಿಸಬಲ್ಲವು. ಯಾವುದೂ ಇಲ್ಲದೆ, ಒಂದು ವೈರಲ್ ಜ್ವರದ ಬೆನ್ನಿಗೆ ನರ ಬಲಗುಂದುವುದೂ ಇದೆ.

ನರ ತುಂಡಾದರೆ ಸ್ವರ ನಿಲ್ಲುತ್ತದೆ ಎಂಬುದು ಬಹಳ ಹಳೆಯ ತಿಳಿವಳಿಕೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಅರಚುತ್ತಿದ್ದ ಹಂದಿಯ ಈ ನರಗಳನ್ನು ಕತ್ತರಿಸಿ, ಅದು ಒದ್ದಾಡುತ್ತಲೇ ಇದ್ದರೂ ಸದ್ದು ನಿಂತದ್ದನ್ನು ಜನರೆದುರು ತೋರಿಸಿದ್ದ. ಆದರೆ ಗೇಲನ್ ತೋರಿಸಿದ್ದು ಪೂರ್ತಿ ಸೋಲನ್ನು. ನಮ್ಮ ಪ್ರಶ್ನೆ, ನರದ ಎಳೆಗಳಲ್ಲಿ ಕೆಲವು ಮಾತ್ರ ಸತ್ತು ಉಳಿದವು ದುಡಿಯುತ್ತಿದ್ದಾಗ ಏನಾಗುತ್ತದೆ ಎಂಬುದು.

ಆಗ ಕಂಬಳದ ಜೋಡಿಯನ್ನು ನೆನೆಸಿಕೊಳ್ಳಬೇಕು. ಓಟ ಹೊರಡುವ ಜಾಗವಾದ ಗಂತಿನಲ್ಲಿ ನಿಂತ ಎರಡು ಕೋಣಗಳಲ್ಲಿ ಯಾವುದರ ಹಿಂಗಾಲು ನೋಯುತ್ತಿದೆ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಓಟ ಶುರುವಾದ ಮೇಲೂ ಬಲವಾದ ಕೋಣ ನೊಗವನ್ನು ತಾನೇ ಎಳೆದು ಸ್ವಲ್ಪ ದೂರ ಸರಿದೂಗಿಸುತ್ತದೆ. ಓಟ ಮುಗಿಯುವ ಮಂಜೊಟ್ಟಿ ಹತ್ತಿರ ಬರುವಾಗ ಓಟದ ಸಾಲು ಓರೆಯಾಗುತ್ತದೆ. ಸ್ವರತಂತುಗಳದ್ದೂ ಇದೇ ಕಥೆ. ಒಂದು ತಂತು ಸೋತರೆ ಇನ್ನೊಂದು ಗೆರೆ ದಾಟಿ ಬಂದು ಅದನ್ನು ಮುಟ್ಟುತ್ತದೆ. ಸುತ್ತಲಿನ ಸ್ನಾಯುಗಳು ಹಿಂಡಿ ಹಿಡಿದು ಬಿರುಕನ್ನು ಮುಚ್ಚುತ್ತವೆ. ನಾಲ್ಕು ಮಾತು ಆಡುವಷ್ಟು ಹೊತ್ತು ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ, ಕೇಳಿಸುತ್ತದೆ. ವೈದ್ಯರ ಕೊಠಡಿಯಲ್ಲಿ ರೋಗಿ ಆಡುವುದು ಆ ನಾಲ್ಕೇ ಮಾತು. ಆದ್ದರಿಂದ ಈ ರೋಗವನ್ನು ಹುಡುಕುವವರು ತಂತುವನ್ನು ನಿಂತಲ್ಲಿ ನೋಡಿದರೆ ಸಾಲದು, ಓಡಿಸಿ ನೋಡಬೇಕು. ಮುಂದೆ ಹೇಳುವ ಪರೀಕ್ಷೆಗಳ ಹಿಂದೆಲ್ಲ ಈ ಒಂದೇ ಯೋಚನೆ ಇದೆ.

ಪರೀಕ್ಷೆ ಯಂತ್ರದಿಂದ ಶುರುವಾಗುವುದಿಲ್ಲ, ಮಾತಿನಿಂದ ಶುರುವಾಗುತ್ತದೆ. ಯಾವಾಗ ಶುರುವಾಯಿತು? ಒಂದೇ ದಿನದಲ್ಲೋ, ಮೆಲ್ಲಮೆಲ್ಲನೆಯೋ? ಅದಕ್ಕೆ ಮೊದಲು ಜ್ವರ, ಶೀತ, ಶಸ್ತ್ರಚಿಕಿತ್ಸೆ, ಗಂಟಲಿಗೆ ಕೊಳವೆ ಹಾಕಿಸಿಕೊಂಡದ್ದು ಇತ್ತೇ? ಕೂಗಿದರೆ ದೂರ ಮುಟ್ಟುತ್ತದೆಯೇ? ನೀರು ಕುಡಿಯುವಾಗ ನೆತ್ತಿಗೇರುತ್ತದೆಯೇ? ಸಂಜೆ ಕುತ್ತಿಗೆ ನೋಯುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಭಾಗವತರು ಉತ್ತರ ಕೊಡದೆ ಬಲಗೈಯಿಂದ ಕುತ್ತಿಗೆಯ ಬಲಬದಿಯನ್ನು ಒತ್ತಿಕೊಂಡರು. ದುಡಿದು ದಣಿದ ಬದಿ ನೋಯುವುದು ಸಹಜ, ಹಾಗಾಗಿ ನೋವಿರುವ ಕಡೆಯೇ ರೋಗವಿದೆ ಎಂದುಕೊಳ್ಳುವಂತಿಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಎಂಟು ದಿನ ಜ್ವರ ಬಂದಿತ್ತು, ಆಗ ಸ್ವರ ಪೂರ್ತಿ ಕಟ್ಟಿತ್ತು, ಆಮೇಲೆ ಬಂತು, ಆದರೆ ಮೊದಲಿನಂತೆ ಬರಲಿಲ್ಲ ಎಂದರು. ಕರಿಮೆಣಸಿನ ಕಷಾಯ, ಜೇಷ್ಠಮಧು, ಕಲ್ಲುಸಕ್ಕರೆ ಎಲ್ಲ ಆಗಿತ್ತು. ಬೇರೆಲ್ಲೋ ತೋರಿಸಿದಾಗ ಹೊಟ್ಟೆಯ ಆಮ್ಲ ಗಂಟಲಿಗೆ ಬರುತ್ತಿದೆ ಎಂದು ಮಾತ್ರೆ ಕೊಟ್ಟಿದ್ದರಂತೆ. ಎರಡು ತಿಂಗಳು ನುಂಗಿದ್ದರು. ಆ ಎರಡು ತಿಂಗಳಲ್ಲಿ ಯಾರೂ ಅವರ ಸ್ವರಪೆಟ್ಟಿಗೆಯೊಳಗೆ ಒಮ್ಮೆಯೂ ನೋಡಿರಲಿಲ್ಲ. ಇದು ನನಗೆ ಪ್ರತಿ ಸಲವೂ ನೋವು ಕೊಡುವ ಸಂಗತಿ. ಬರೀ ಸ್ವರದ ತೊಂದರೆಗೆ, ಒಳಗೆ ಏನಿದೆ ಎಂದು ನೋಡದೆ ಆಮ್ಲದ ಮಾತ್ರೆ ಕೊಡಬಾರದು ಎಂದು ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಸ್ವರ ಒಡೆದು ಮೂರು, ನಾಲ್ಕು ವಾರ ಕಳೆದರೂ ಸರಿಯಾಗದಿದ್ದರೆ ಗಂಟಲಿನೊಳಗೆ ನೋಡಿಸಲೇಬೇಕು. ಬೀಡಿ, ಸಿಗರೇಟು ಸೇದುವವರು, ಕುತ್ತಿಗೆಯಲ್ಲಿ ಗಂಟು ಇರುವವರು, ಕಫದಲ್ಲಿ ರಕ್ತ ಕಂಡವರು, ಉಸಿರಾಟಕ್ಕೆ ಕಷ್ಟವಾಗುವವರು ಅಷ್ಟೂ ದಿನ ಕಾಯಬಾರದು.

ಮಾತಿನ ಜೊತೆಗೇ ಕಿವಿಯ ಕೆಲಸವೂ ನಡೆಯುತ್ತದೆ. ಸ್ವರದಲ್ಲಿ ಎಷ್ಟು ಒರಟುತನ, ಎಷ್ಟು ಗಾಳಿ, ಎಷ್ಟು ನಿಶ್ಶಕ್ತಿ, ಎಷ್ಟು ತಿಣುಕಾಟ ಇದೆ ಎಂದು ಕೇಳಿ 0ಯಿಂದ 3ರವರೆಗೆ ಅಂಕ ಹಾಕುವ ಒಂದು ಪದ್ಧತಿ ಜಪಾನಿನಲ್ಲಿ ರೂಪುಗೊಂಡು ಎಲ್ಲೆಡೆ ಬಳಕೆಗೆ ಬಂದಿದೆ. ಆಮೇಲೆ ಒಂದು ಗಡಿಯಾರ ಸಾಕು. ಎದೆತುಂಬ ಉಸಿರು ಎಳೆದುಕೊಂಡು "ಆ" ಎಂದು ಆದಷ್ಟು ಹೊತ್ತು ಹಿಡಿಯಬೇಕು. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 15ರಿಂದ 25 ಸೆಕೆಂಡು ಹಿಡಿಯುತ್ತಾರೆ. 10ಕ್ಕಿಂತ ಕೆಳಗಿಳಿದರೆ ತಂತುಗಳ ನಡುವೆ ಗಾಳಿ ಸೋರುತ್ತಿದೆ ಎಂಬ ಗುಮಾನಿ ಬರುತ್ತದೆ. ಭಾಗವತರು ಹಿಡಿದದ್ದು 12. ನಾನೋ ನೀವೋ ಅಷ್ಟು ಹಿಡಿದರೆ ಹೆಚ್ಚು ಚಿಂತೆ ಇಲ್ಲ. ಪದದ ಕೊನೆಯನ್ನು ಎಳೆದು ನಿಲ್ಲಿಸಿ ವೇಷವನ್ನು ಕುಣಿಸುವ ಮನುಷ್ಯನಿಗೆ 12 ಎಂದರೆ ಬಹಳ ಕಡಿಮೆ. ಹಾಗಾದರೆ ದೋಷ ಉಸಿರಿನಲ್ಲಿದೆಯೋ ತಂತುವಿನಲ್ಲಿದೆಯೋ? ಅದನ್ನು ಬೇರ್ಪಡಿಸಲು ಇನ್ನೊಂದು ಸಣ್ಣ ಉಪಾಯ ಇದೆ. ಮೊದಲು "ಸ್" ಎಂದು ಗಾಳಿ ಬಿಡಿಸುತ್ತೇವೆ, ಅದಕ್ಕೆ ತಂತುಗಳು ಬೇಕಿಲ್ಲ. ಆಮೇಲೆ ಅದೇ ಬಾಯಿಯಲ್ಲಿ ದುಂಬಿಯ ಹಾಗೆ ನಾದ ಸೇರಿಸಿ ಬಿಡಿಸುತ್ತೇವೆ, ಅದಕ್ಕೆ ತಂತುಗಳು ಬೇಕು. ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ಮೊದಲನೆಯದು ಎರಡನೆಯದರ 1.4 ಪಟ್ಟಿಗಿಂತ ಹೆಚ್ಚಾದರೆ ತಂತುಗಳು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಅರ್ಥ. ಭಾಗವತರದ್ದು 24 ಮತ್ತು 13. ಉಸಿರು ಬೇಕಾದಷ್ಟು ಇತ್ತು, ಅದನ್ನು ಹಿಡಿದಿಡುವ ಬಾಗಿಲು ಸಡಿಲವಾಗಿತ್ತು.

ಇನ್ನು ನೋಡುವ ಸರದಿ. ಮನುಷ್ಯನ ಸ್ವರತಂತು ನಾದ ಹೊರಡಿಸುವುದನ್ನು ಮೊದಲು ಸ್ಪಷ್ಟವಾಗಿ ನೋಡಿ ವಿವರಿಸಿದವರು ವೈದ್ಯರಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. 1854ರಲ್ಲಿ ದಂತವೈದ್ಯರ ಸಣ್ಣ ಕನ್ನಡಿಯನ್ನು ತಮ್ಮದೇ ಗಂಟಲಿನ ಹಿಂದಕ್ಕೆ ಹಿಡಿದು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕು ಹಾಯಿಸಿ ನೋಡಿಕೊಂಡರು. ಹಾಡುವವನಿಗೆ ತನ್ನ ಸ್ವರ ಎಲ್ಲಿಂದ ಬರುತ್ತದೆ ಎಂದು ನೋಡುವ ಹಂಬಲ ಎಷ್ಟಿತ್ತು ಎಂದು ಯೋಚಿಸಿದರೆ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ. ಈಗ ಕನ್ನಡಿಯ ಜಾಗಕ್ಕೆ ಎಂಡೋಸ್ಕೋಪ್ ಬಂದಿದೆ. ಅದು ಎರಡು ಬಗೆ. ಬಾಯಿಯಿಂದ ಹಾಕುವ ಗಟ್ಟಿ ಕೊಳವೆ ಚಿತ್ರವನ್ನು ಬಹಳ ಸ್ಪಷ್ಟವಾಗಿ ಕೊಡುತ್ತದೆ, ಆದರೆ ನಾಲಗೆಯನ್ನು ಹೊರಗೆ ಎಳೆದು ಹಿಡಿಯಬೇಕು. ಆ ಎಳೆತಕ್ಕೆ ಸ್ವರಪೆಟ್ಟಿಗೆಯ ಸಹಜ ಚಲನೆ ಕೆಡುತ್ತದೆ. ಮೂಗಿನಿಂದ ಹಾಕುವ ಬಳುಕುವ ಸಣ್ಣ ಕೊಳವೆಯಲ್ಲಿ ರೋಗಿ ಮಾತಾಡಬಹುದು, ಹಾಡಬಹುದು. ಬಲಹೀನತೆಯನ್ನು ಹುಡುಕುವಾಗ ಇದೇ ಹೆಚ್ಚು ಉಪಯುಕ್ತ.

ಭಾಗವತರ ಮೂಗಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ ಐದು ನಿಮಿಷ ಕಾದೆವು. ಕಹಿಗೆ ಮುಖ ಹಿಂಡಿದರು. ಕೊಳವೆ ಒಳಗೆ ಹೋಯಿತು. ಪರದೆಯ ಮೇಲೆ ಗುಲಾಬಿ ಬಣ್ಣದ ಗೋಡೆಗಳ ನಡುವೆ ಬೆಳ್ಳಗಿನ ಎರಡು ತಂತುಗಳು ಕಂಡವು. "ಈ ಎನ್ನಿ ಭಾಗವತರೇ" ಎಂದರು ಡಾಕ್ಟರು. ಎರಡೂ ಬಂದು ಕೂಡಿದವು. "ಉಸಿರು ಎಳೆಯಿರಿ." ಎರಡೂ ತೆರೆದವು. ಇಲ್ಲಿಗೇ ನಿಲ್ಲಿಸಿದ್ದರೆ ವರದಿಯಲ್ಲಿ "ಎರಡೂ ತಂತುಗಳು ಚಲಿಸುತ್ತಿವೆ" ಎಂದು ಬರೆದು ಕಳುಹಿಸಬಹುದಿತ್ತು. ಎಷ್ಟೋ ವರದಿಗಳಲ್ಲಿ ಆಗುವುದೂ ಅದೇ.

ಡಾಕ್ಟರು ನಿಲ್ಲಿಸಲಿಲ್ಲ. "ಈಗ ಒಮ್ಮೆ ಈ ಎನ್ನಿ, ತಕ್ಷಣ ಹೂವು ಮೂಸುವ ಹಾಗೆ ಮೂಗಿನಿಂದ ಎಳೆಯಿರಿ. ಮತ್ತೆ ಈ, ಮತ್ತೆ ಎಳೆಯಿರಿ. ನಾನು ಸಾಕು ಎನ್ನುವವರೆಗೆ" ಎಂದರು. "ಈ" ಎನ್ನುವಾಗ ಮುಚ್ಚುವ ಸ್ನಾಯುಗಳು ದುಡಿಯುತ್ತವೆ, ಮೂಸುವಾಗ ತೆರೆಯುವ ಸ್ನಾಯು ಪೂರ್ತಿ ಬಲ ಹಾಕಬೇಕು. ಬೇಗಬೇಗನೆ ಮಾಡಿಸಿದರೆ ಬಲಹೀನ ಬದಿ ದಣಿಯುತ್ತದೆ. ನಾನು ಎಣಿಸುತ್ತಾ ಹೋದೆ. ಐದು, ಆರು ಸಮನಾಗಿಯೇ ಇದ್ದವು. ಏಳನೆಯದಕ್ಕೆ ಎಡ ತಂತು ಅರೆಕ್ಷಣ ಹಿಂದೆ ಬಿತ್ತು. ಎಂಟು, ಒಂಬತ್ತಕ್ಕೆ ಬಲ ತಂತು ಗೋಡೆಯವರೆಗೆ ತೆರೆದುಕೊಂಡರೆ ಎಡದ್ದು ಅರ್ಧದಲ್ಲೇ ನಿಂತು ವಾಪಸಾಯಿತು. ಕುರ್ಚಿಯ ಪಕ್ಕದಲ್ಲಿ ನಿಂತಿದ್ದ ಅವರ ಮಗ ಪರದೆಯತ್ತ ಬಾಗಿ ನೋಡಿದ. ಅವನಿಗೂ ಅದು ಕಂಡಿತ್ತು.

ಇನ್ನೊಂದು ಚಿಹ್ನೆಯೂ ಇತ್ತು. ನಿಜವಾದ ಸ್ವರತಂತುಗಳ ಮೇಲ್ಗಡೆ ಇನ್ನೊಂದು ಜೋಡಿ ಮಡಿಕೆಗಳಿವೆ. ನಾದಕ್ಕೆ ಅವುಗಳ ಅಗತ್ಯ ಇಲ್ಲ, ಸಾಮಾನ್ಯವಾಗಿ ಬದಿಗೆ ಸರಿದಿರುತ್ತವೆ. ಏರುದನಿಗೆ ಹೋದಾಗ ಭಾಗವತರ ಬಲಬದಿಯ ಮೇಲಿನ ಮಡಿಕೆ ಒಳಗೆ ನುಗ್ಗಿ ಬಂದು ತಂತುವನ್ನು ಅರ್ಧ ಮುಚ್ಚಿಬಿಟ್ಟಿತು. ಇದನ್ನು ಮಾತ್ರ ನೋಡಿದವರು "ನೀವು ತಪ್ಪಾಗಿ, ಬಿಗಿಹಿಡಿದು ಹಾಡುತ್ತೀರಿ, ಅಭ್ಯಾಸ ತಿದ್ದಿಕೊಳ್ಳಿ" ಎಂದು ಹೇಳಿ ಕಳುಹಿಸುವ ಸಂಭವ ಇದೆ. ಬಿಗಿತ ನಿಜ. ಆದರೆ ಅದು ರೋಗವಲ್ಲ, ರೋಗವನ್ನು ಮುಚ್ಚಲು ದೇಹ ಕಂಡುಕೊಂಡ ದಾರಿ. ಕುಂಟುವವನು ಗಟ್ಟಿಯಾದ ಕಾಲಿಗೆ ಭಾರ ಹಾಕುವ ಹಾಗೆ, ಎದುರು ಬದಿ ಹೆಚ್ಚು ದುಡಿಯುತ್ತದೆ. ಆದ್ದರಿಂದ ಬಲಗಡೆ ಮಾತ್ರ ಬಿಗಿತ ಕಂಡಾಗ ಅನುಭವಿ ವೈದ್ಯರ ಕಣ್ಣು ಎಡಗಡೆಗೆ ಹೋಗುತ್ತದೆ. ಆ ಬಿಗಿತವನ್ನು ಸಡಿಲಿಸುವ ಉಪಾಯಗಳನ್ನು ಮಾಡಿಸಿ, ಗುಂಯ್‌ಗುಡಿಸಿ, ತುಟಿ ನಡುಗಿಸಿ ಮತ್ತೆ ನೋಡಿದಾಗ ಅಡಗಿದ್ದ ಬಿರುಕು ಬಯಲಿಗೆ ಬರುತ್ತದೆ.

ಇಷ್ಟರ ಮೇಲೆ ಸ್ಟ್ರೋಬೋಸ್ಕೋಪಿ. ಸೆಕೆಂಡಿಗೆ ನೂರಾರು ಸಲ ನಡುಗುವ ತಂತುವನ್ನು ಬರಿಗಣ್ಣಿನಿಂದ ನೋಡಿದರೆ ಮಸುಕಾದ ಅಂಚು ಮಾತ್ರ ಕಾಣುತ್ತದೆ. ಹಳೆಯ ಟ್ಯೂಬ್‌ಲೈಟಿನ ಕೆಳಗೆ ತಿರುಗುವ ಫ್ಯಾನಿನ ರೆಕ್ಕೆಗಳು ಕೆಲವೊಮ್ಮೆ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿರುವಂತೆ ಕಾಣುವುದನ್ನು ನೋಡಿರುತ್ತೀರಿ. ಬೆಳಕಿನ ಮಿನುಗು ಮತ್ತು ರೆಕ್ಕೆಯ ಸುತ್ತು ಹೆಚ್ಚುಕಡಿಮೆ ಹೊಂದಿಕೊಂಡಾಗ ಕಣ್ಣಿಗೆ ಆಗುವ ಮೋಸ ಅದು. ಅದೇ ಮೋಸವನ್ನು ಇಲ್ಲಿ ಬೇಕೆಂದೇ ಬಳಸುತ್ತಾರೆ. ಕುತ್ತಿಗೆಗೆ ಹಿಡಿದ ಮೈಕು ಶ್ರುತಿಯನ್ನು ಅಳೆಯುತ್ತದೆ. ತಂತು ಸೆಕೆಂಡಿಗೆ 300 ಸಲ ನಡುಗುತ್ತಿದ್ದರೆ ಬೆಳಕನ್ನು 298 ಸಲ ಮಿನುಗಿಸುತ್ತಾರೆ. ಆಗ ಪರದೆಯ ಮೇಲೆ ಸೆಕೆಂಡಿಗೆ ಎರಡೇ ಅಲೆಗಳು ಮೆಲ್ಲಗೆ ಹಾದುಹೋದಂತೆ ಕಾಣುತ್ತದೆ. ಆ ಅಲೆಯಲ್ಲಿ ಎರಡೂ ತಂತುಗಳು ಕೈಹಿಡಿದು ನಡೆಯುವಂತೆ ಒಟ್ಟಿಗೆ ಏಳಬೇಕು, ಒಟ್ಟಿಗೆ ಕೂಡಬೇಕು. ಭಾಗವತರ ಎಡ ತಂತು ಹೊರೆ ಇಳಿಸಿದ ಹಗ್ಗದಂತೆ ಸಡಿಲವಾಗಿ, ಬಲದ್ದಕ್ಕಿಂತ ಅಗಲವಾಗಿ ಬೀಸುತ್ತಾ ಸ್ವಲ್ಪ ತಡವಾಗಿ ಬಂದು ಸೇರುತ್ತಿತ್ತು. ಕೂಡುವ ಗೆರೆಯ ನಡುವೆ ಕೂದಲೆಳೆಯಷ್ಟು ಬಿರುಕು ಉಳಿಯುತ್ತಿತ್ತು. ಆ ಎಳೆಯಷ್ಟು ಬಿರುಕಿನಿಂದ ರಾತ್ರಿಯಿಡೀ ಗಾಳಿ ಸೋರಿದರೆ ನಡುರಾತ್ರಿಯ ಮೇಲೆ ಸ್ವರ ಮಾತು ಕೇಳದಿರುವುದರಲ್ಲಿ ಆಶ್ಚರ್ಯವೇನು? ಈ ಪರೀಕ್ಷೆಗೂ ಒಂದು ಮಿತಿ ಇದೆ. ಸ್ವರ ತೀರಾ ಒಡೆದು ಶ್ರುತಿಯೇ ನಿಲ್ಲದವರಲ್ಲಿ ಯಂತ್ರಕ್ಕೆ ಲೆಕ್ಕ ಸಿಗುವುದಿಲ್ಲ, ಚಿತ್ರ ಚದುರಿಹೋಗುತ್ತದೆ.

ಮೇಲಿನ ಕವಲಿನ ನರ ಸೋತಾಗ ಚಿತ್ರ ಬೇರೆ. ಬಂದರಿನಲ್ಲಿ ದುಡಿಯುವ ಅಕ್ಕ ಒಬ್ಬರು ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಆರು ವಾರಗಳ ನಂತರ ಬಂದಿದ್ದರು. ಮಾತು ಚೆನ್ನಾಗಿಯೇ ಇತ್ತು. "ಮನೆಯಲ್ಲಿ ಮಾತಾಡಲು ತೊಂದರೆ ಇಲ್ಲ ಅಮ್ಮ. ಏಲಂ ಕೂಗಲು ಸ್ವರ ಮೇಲೆ ಹತ್ತುವುದಿಲ್ಲ" ಎಂದರು. ತಂತುಗಳ ತೆರೆಯುವಿಕೆ, ಮುಚ್ಚುವಿಕೆ ಎರಡರಲ್ಲೂ ಕೊರತೆ ಇರಲಿಲ್ಲ. ಕೆಳಗಿನ ಶ್ರುತಿಯಿಂದ ಮೇಲಿನ ಶ್ರುತಿಗೆ ಒಂದೇ ಎಳೆಯಲ್ಲಿ ಜಾರಿಸಿ ಹಾಡಿಸಿದಾಗ ಒಂದು ಹಂತದಲ್ಲಿ ಸ್ವರ ಸಿಕ್ಕಿಬಿದ್ದಿತು, ಒಂದು ತಂತು ಇನ್ನೊಂದರಷ್ಟು ಉದ್ದಕ್ಕೆ ಹಿಗ್ಗಲಿಲ್ಲ. ಹಾಡಿಸದೆ ಇದ್ದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಇಷ್ಟು ಓದಿದವರಿಗೆ, ಕ್ಯಾಮೆರಾದಲ್ಲಿ ಓರೆಕೋರೆ ಕಂಡರೆ ರೋಗ ಸಿಕ್ಕಿತು ಎನಿಸಬಹುದು. ನಾನು ಬಹಳ ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ನಮ್ಮ ಎರಡು ಕೈಗಳು, ಎರಡು ಹುಬ್ಬುಗಳು ಸಮನಾಗಿಲ್ಲ. ಸ್ವರದ ಯಾವ ತೊಂದರೆಯೂ ಇಲ್ಲದವರ ತಂತುಗಳೂ ಅನೇಕ ಸಲ ಸಮನಾಗಿ ಇರುವುದಿಲ್ಲ. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಒಂದರ ಅಂಚು ಬಾಗಿರುತ್ತದೆ. ಒಂದೇ ವಿಡಿಯೊವನ್ನು ನಾಲ್ವರು ತಜ್ಞರಿಗೆ ತೋರಿಸಿದರೆ ಪೆರೆಸಿಸ್ ಇದೆಯೇ, ಇದ್ದರೆ ಯಾವ ಬದಿ ಎಂಬುದರಲ್ಲಿ ಅವರು ಒಮ್ಮತಕ್ಕೆ ಬಾರದೆ ಹೋಗುವುದು ಈ ವಿಭಾಗದಲ್ಲಿ ಗುಟ್ಟೇನಲ್ಲ. ಗಂತಿನಲ್ಲಿ ಓರೆಯಾಗಿ ನಿಂತ ಕೋಣವೆಲ್ಲ ಕುಂಟುವ ಕೋಣವಲ್ಲ. ಯುವ ಶಿಕ್ಷಕಿಯೊಬ್ಬರು "ನಿಮ್ಮ ನರ ಬಲಹೀನವಾಗಿದೆ" ಎಂಬ ಮಾತು ಕೇಳಿ ನಡುಗುತ್ತಾ ಬಂದಿದ್ದರು. ಅವರ ತಂತುಗಳಲ್ಲಿ ಸ್ವಲ್ಪ ಓರೆ ಇದ್ದದ್ದು ನಿಜ. ಆದರೆ ಇಪ್ಪತ್ತು ಸಲ ಮೂಸಿದರೂ ಯಾವ ಬದಿಯೂ ಹಿಂದೆ ಬೀಳಲಿಲ್ಲ. ಇದ್ದದ್ದು ಕೂಗಿ ಕೂಗಿ ಎದ್ದ ಸಣ್ಣ ಗಂಟುಗಳು, ಎರಡೂ ಬದಿಯಲ್ಲಿ. ಆದ್ದರಿಂದ ರೋಗಿಯ ಕಥೆ, ಕಿವಿಗೆ ಕೇಳಿದ ಸ್ವರ, ಕಣ್ಣಿಗೆ ಕಂಡ ಚಲನೆ ಮೂರೂ ಒಂದೇ ಕಡೆಗೆ ಬೆರಳು ತೋರಿಸಿದಾಗ ಮಾತ್ರ ಒಳ್ಳೆಯ ವೈದ್ಯರು ಪೆರೆಸಿಸ್ ಎಂಬ ಪದ ಬರೆಯುತ್ತಾರೆ.

ಅನುಮಾನ ಉಳಿದರೆ, ಅಥವಾ ಮುಂದೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಸ್ನಾಯುವನ್ನೇ ಕೇಳುವ ಪರೀಕ್ಷೆ ಇದೆ, ಸ್ವರಪೆಟ್ಟಿಗೆಯ ಇಎಂಜಿ. ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಮಾಡುವವರಿಗೆ ಕೈಪಳಗಿರಬೇಕು. ಕುತ್ತಿಗೆಯ ಮುಂಭಾಗದಿಂದ ಸಣ್ಣ ಸೂಜಿಯನ್ನು ಚರ್ಮದ ಮೂಲಕ ಒಂದೊಂದು ಸ್ನಾಯುವಿಗೆ ಹಾಕಿ, "ಈ" ಎನ್ನಿಸಿ, ಶ್ರುತಿ ಏರಿಸಿ, ಮೂಸಿಸಿ, ಆಗ ಹೊರಡುವ ವಿದ್ಯುತ್ ಸಂಕೇತಗಳನ್ನು ಪರದೆಯಲ್ಲಿ ನೋಡುತ್ತಾರೆ. ಜೊತೆಗೆ ಸ್ಪೀಕರಿನಲ್ಲಿ ಕೇಳುತ್ತಾರೆ ಕೂಡ. ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಆರೋಗ್ಯವಾದ ಸ್ನಾಯು ಬಲ ಹಾಕಿದಾಗ ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಸುರಿದ ಹಾಗೆ ಒತ್ತೊತ್ತಾಗಿ ಕೇಳುತ್ತದೆ. ನರದ ಎಳೆಗಳು ಕಡಿಮೆಯಾದ ಸ್ನಾಯುವಿನಲ್ಲಿ ಮಳೆ ನಿಂತ ಮೇಲೆ ಮರದಿಂದ ಬೀಳುವ ಹನಿಗಳ ಹಾಗೆ ಬಿಡಿಬಿಡಿಯಾಗಿ ಕೇಳುತ್ತದೆ. ನರ ಪೂರ್ತಿ ಕಡಿದುಹೋದ ಸ್ನಾಯು ಸುಮ್ಮನಿದ್ದಾಗಲೂ ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಹೊಸ ಎಳೆಗಳು ಚಿಗುರಿ ಸ್ನಾಯುವನ್ನು ಮತ್ತೆ ಹಿಡಿಯುತ್ತಿದ್ದರೆ ಸಂಕೇತಗಳ ಆಕಾರ ಹಲವು ಹಲ್ಲುಗಳ ಗರಗಸದಂತೆ ಬದಲಾಗುತ್ತದೆ. ಈ ಪರೀಕ್ಷೆಯನ್ನು ತೊಂದರೆ ಶುರುವಾಗಿ ಮೂರು, ನಾಲ್ಕು ವಾರ ತುಂಬುವ ಮೊದಲೇ ಮಾಡಿದರೆ ಸರಿಯಾದ ಉತ್ತರ ಸಿಗುವುದಿಲ್ಲ, ಆರು ತಿಂಗಳು ಕಳೆದ ಮೇಲೆ ಮಾಡಿದರೆ ಅದರ ಮಾತಿಗೆ ತೂಕ ಕಡಿಮೆ. ಭಾಗವತರಿಗೆ ನಾಲ್ಕನೆಯ ತಿಂಗಳು ನಡೆಯುತ್ತಿತ್ತು. ಎಡಬದಿಯಲ್ಲಿ ಬಿಡಿ ಹನಿಗಳು, ಆದರೆ ಗರಗಸದ ಹಲ್ಲುಗಳೂ ಇದ್ದವು. ನರ ಸೋತಿತ್ತು, ಜೊತೆಗೆ ಚಿಗುರುತ್ತಲೂ ಇತ್ತು.

ಇಎಂಜಿ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ತಂತು ಸರಿಯಾಗಿ ಅಲುಗದಿರಲು ನರವೇ ಕಾರಣವಾಗಬೇಕೆಂದಿಲ್ಲ. ತಂತುವಿನ ಹಿಂಬದಿಯಲ್ಲಿ ಒಂದು ಪುಟ್ಟ ಕೀಲು ಇದೆ. ಸಂಧಿವಾತದಿಂದಲೋ, ಉಸಿರಾಟದ ಕೊಳವೆ ಹಾಕುವಾಗ ತಗುಲಿದ ಪೆಟ್ಟಿನಿಂದಲೋ ಅದು ಬಿಗಿದುಕೊಂಡರೂ ನೋಡಲು ಹೀಗೆಯೇ ಕಾಣುತ್ತದೆ. ಆಗ ಇಎಂಜಿಯ ಮಳೆ ಜೋರಾಗಿಯೇ ಇರುತ್ತದೆ. ಸ್ವರ ದಣಿಯುವುದಕ್ಕೆ ಇಡೀ ದೇಹದ ರೋಗಗಳೂ ಕಾರಣವಾಗಬಹುದು. ಸಂಜೆಯಾದಂತೆ ಸ್ವರದ ಜೊತೆ ಕಣ್ಣರೆಪ್ಪೆಯೂ ಜೋತುಬಿದ್ದರೆ, ಜಗಿಯಲು, ನುಂಗಲು ಆಯಾಸವಾದರೆ ಮಯಸ್ತೇನಿಯಾ ಎಂಬ ನರ-ಸ್ನಾಯು ರೋಗವನ್ನು ನೆನೆಯಬೇಕು. ಸ್ವರ ಸಣ್ಣದಾಗುವುದರ ಜೊತೆ ಕೈ ನಡುಕ, ನಡಿಗೆಯ ನಿಧಾನ ಇದ್ದರೆ ಪಾರ್ಕಿನ್ಸನ್. ಇವು ಗಂಟಲಿನ ವೈದ್ಯರ ಕೊಠಡಿಯಿಂದ ನರರೋಗ ತಜ್ಞರ ಕೊಠಡಿಗೆ ಹೋಗಬೇಕಾದ ದಾರಿಗಳು.

ಬಲಹೀನತೆ ಖಚಿತವಾಯಿತು ಎಂದಿಟ್ಟುಕೊಳ್ಳಿ. ಕಾರಣ? ಥೈರಾಯ್ಡ್ ಶಸ್ತ್ರಚಿಕಿತ್ಸೆಯ ಮರುದಿನವೇ ಸ್ವರ ಬದಲಾದರೆ ಕಾರಣ ಎದುರಿಗೇ ಇದೆ. ಕಾರಣ ಕಾಣದಿದ್ದಾಗ ನರದ ದಾರಿಯನ್ನೆಲ್ಲ ನೋಡಬೇಕು, ತಲೆಬುರುಡೆಯ ಬುಡದಿಂದ ಎದೆಯವರೆಗೆ ಸಿಟಿ ಸ್ಕ್ಯಾನ್. ಎಡ ತಂತುವಿನ ತೊಂದರೆಗೆ ಕುತ್ತಿಗೆಯನ್ನು ಮಾತ್ರ ಸ್ಕ್ಯಾನ್ ಮಾಡಿ ನಿಲ್ಲಿಸಿದರೆ ಮಂಗಳೂರಿನಲ್ಲಿ ಆದ ಅಡ್ಡಿಯನ್ನು ದಾರಿಯ ನಡುವಿನ ಪಡುಬಿದ್ರಿಯವರೆಗೆ ಮಾತ್ರ ಹೋಗಿ ಹುಡುಕಿ ವಾಪಸು ಬಂದಂತೆ. "ಸ್ವರ ಸರಿಯಿಲ್ಲ ಎಂದು ಬಂದರೆ ಎದೆಯ ಸ್ಕ್ಯಾನ್ ಯಾಕೆ?" ಎಂದು ರೋಗಿಗಳು ಕೇಳುವುದು ನ್ಯಾಯವೇ. ಆಗ ನಾನು ಒಂದು ಕಾಗದದ ಮೇಲೆ ಆ ನರದ ಸುತ್ತನ್ನು ಬರೆದು ತೋರಿಸುತ್ತೇನೆ. ಭಾಗವತರ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆಟಿಯ ಜ್ವರವೇ ಕಾರಣವಿರಬೇಕು ಎಂಬಲ್ಲಿಗೆ ಬಂದೆವು. ಅದಕ್ಕೆ ಪುರಾವೆ ತೋರಿಸುವ ಪರೀಕ್ಷೆ ಇಲ್ಲ, ಉಳಿದ ಕಾರಣಗಳನ್ನು ಒಂದೊಂದಾಗಿ ಬದಿಗಿಟ್ಟ ಮೇಲೆ ಉಳಿಯುವ ಉತ್ತರ ಅದು.

ಕೆಲವೊಮ್ಮೆ ಚಿಕಿತ್ಸೆಯೇ ಪರೀಕ್ಷೆಯಾಗುತ್ತದೆ. ಸೋತ ತಂತುವಿನೊಳಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನೇ ಕರಗಿಹೋಗುವ ಜೆಲ್ಲನ್ನು ಚುಚ್ಚಿ ತಂತುವನ್ನು ದಪ್ಪಗೊಳಿಸುತ್ತಾರೆ. ಬಿರುಕು ಮುಚ್ಚಿ ಸ್ವರ ಸುಧಾರಿಸಿದರೆ ರೋಗಿಯನ್ನು ದಣಿಸುತ್ತಿದ್ದದ್ದು ಆ ಬಿರುಕೇ ಎಂದು ತಿಳಿಯುತ್ತದೆ. ಸುಧಾರಿಸದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಜೆಲ್ ಕರಗುವುದರಿಂದ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಶಾಶ್ವತ ಶಸ್ತ್ರಚಿಕಿತ್ಸೆಗೆ ಮೊದಲು ಇಂಥದೊಂದು ಪ್ರಯೋಗ ಮಾಡಿ ನೋಡುವುದು ನನಗೆ ಬಹಳ ವಿವೇಕದ ಕ್ರಮವಾಗಿ ಕಾಣುತ್ತದೆ.

ನರ ಚಿಗುರುತ್ತಿದೆ ಎಂದು ಇಎಂಜಿ ಹೇಳಿದ್ದರಿಂದ ಭಾಗವತರಿಗೆ ಚುಚ್ಚುವುದೂ ಬೇಡ ಎಂದು ಡಾಕ್ಟರು ನಿರ್ಧರಿಸಿದರು. ಆ ತಿರುಗಾಟದಲ್ಲಿ ಅವರು ಪೂರ್ವಾರ್ಧದಲ್ಲಿ ಮಾತ್ರ ಪದ ಹೇಳಿದರು. ನಡುರಾತ್ರಿಯ ಮೇಲೆ ಜಾಗಟೆ ಇನ್ನೊಬ್ಬರ ಕೈಗೆ ಹೋಯಿತು. ಸುಲಭವಾಗಿ ಒಪ್ಪಲಿಲ್ಲ, ಎರಡು ವಾರ ತೆಗೆದುಕೊಂಡರು. ವಾರಕ್ಕೊಮ್ಮೆ ನನ್ನಲ್ಲಿಗೆ ಬಂದು ಬಲಬದಿಯ ಬಿಗಿತವನ್ನು ಬಿಡಿಸಿಕೊಳ್ಳುವ ಅಭ್ಯಾಸ ಮಾಡಿದರು. ಪ್ರತಿ ಆಟದ ಮೊದಲ ಪದವನ್ನೂ ಕೊನೆಯ ಪದವನ್ನೂ ಮಗ ಮೊಬೈಲಿನಲ್ಲಿ ದಾಖಲಿಸಿಕೊಂಡು ತರುತ್ತಿದ್ದ. ನಮ್ಮ ಕೊಠಡಿಯ ಯಾವ ಯಂತ್ರವೂ ಕೊಡಲಾಗದ ಮಾಹಿತಿ ಆ ದಾಖಲೆಗಳಲ್ಲಿತ್ತು. ಸ್ವರ ದಣಿಯುವ ತೊಂದರೆ ಇರುವವರು ದಣಿದ ಹೊತ್ತಿನ ಸ್ವರವನ್ನು ಹೀಗೆ ಹಿಡಿದಿಟ್ಟು ತಂದರೆ, ಆಗುವುದಾದರೆ ದುಡಿದ ಮರುಗಳಿಗೆಯೇ ಪರೀಕ್ಷೆಗೆ ಬಂದರೆ, ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಎರಡನೆಯ ವಿಡಿಯೊ ಮಾಡಿದೆವು. ಅದೇ ಕುರ್ಚಿ, ಅದೇ ಕಹಿ ಔಷಧಿ. ಈ, ಮೂಸು, ಈ, ಮೂಸು. ಈ ಸಲ ಭಾಗವತರು ಬಲಗೈಯ ಬೆರಳುಗಳಲ್ಲಿ ತಾಳದ ಹಾಗೆ ತಾವೇ ಎಣಿಸಿಕೊಳ್ಳುತ್ತಿದ್ದರು. ಏಳು ದಾಟಿತು, ಒಂಬತ್ತು ದಾಟಿತು, ಹನ್ನೆರಡು ದಾಟಿತು. ಹದಿನೆಂಟನೆಯದಕ್ಕೆ ಎಡ ತಂತು ಸ್ವಲ್ಪ ತಡವಾಯಿತು. ಡಾಕ್ಟರು ಕೊಳವೆ ಹೊರಗೆಳೆದು ಹಳೆಯ ವಿಡಿಯೊವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಭಾಗವತರು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಮುಂದಿನ ತಿರುಗಾಟಕ್ಕೆ ಇನ್ನು ಐದು ತಿಂಗಳಿದೆ ಅಲ್ಲವೇ ಮೇಡಂ?" ಎಂದು ಕೇಳಿದರು. ನಾನು ಮುಂದಿನ ವಾರದ ಸಮಯ ಬರೆದುಕೊಟ್ಟೆ.